ತಾತನ ಪಥ್ಯ, ಅಜ್ಜಿಯ ಬಾಯಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ನೀಲಿ ನನ್ನದು. ನಮ್ಮಪ್ಪ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು, ಮನೆಮಂದಿಯನ್ನೆಲ್ಲ ಹಿತ್ತಲಿಗೆ ಕರೆದು, "ನೋಡಿ, ಎಂಥಾ ನೀಲಿ!" ಎಂದು ಹಿಗ್ಗಿದನಲ್ಲ, ನಮ್ಮಜ್ಜಿ ಆ ಕೊಳವೆಗೆ ಕೈಮುಗಿದಳಲ್ಲ, ಅದರೊಳಗೆ ಕುದಿದದ್ದು ನಮ್ಮ ತಾತನ ಮೂತ್ರವಲ್ಲ, ನನ್ನದು. ಊರಿನವರ ದನಿ, ನಡಿಗೆ, ಕೆಮ್ಮು, ಸೀನು ಯಾವುದನ್ನೂ ಬಿಡದೆ ಅಣಕಿಸುತ್ತಿದ್ದವನು ನಾನು. ಮೇಷ್ಟ್ರುಗಳ ಅಣಕ ಮಾಡಿ ಏಟು ತಿಂದಿದ್ದೆ, ಪೂಜಾರಪ್ಪನ ಅಣಕ ಮಾಡಿ ಪ್ರಸಾದ ಕಳೆದುಕೊಂಡಿದ್ದೆ. ಆದರೆ ಯಾರಿಗೂ ಒಂದಿಷ್ಟೂ ಅನುಮಾನ ಬರದಂತೆ, ಪೂರಾ ಯಶಸ್ವಿಯಾಗಿ ಮಾಡಿದ ನನ್ನ ಅಣಕ ಅಂದರೆ ಅದೊಂದೇ. ಅದರ ಮೆಚ್ಚುಗೆಯೆಲ್ಲ ತಾತನಿಗೆ ಹೋಯಿತು.

ನಮ್ಮ ಮನೆ ಇದ್ದದ್ದು ಹೊಳೆನರಸೀಪುರಕ್ಕೆ ನಡೆದು ಹೋಗಿಬರುವಷ್ಟು ಹತ್ತಿರದ ಊರಿನಲ್ಲಿ. ಅಪ್ಪ ಪೇಟೆಯ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ತಾತ ಹೊಳೆಯ ಕಡೆಗೆ ಗದ್ದೆ, ಕಬ್ಬು, ತೆಂಗು ಇಟ್ಟುಕೊಂಡಿದ್ದ ಯಜಮಾನ. ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಉಣ್ಣುತ್ತಿದ್ದೆವು. ಸಾಲಿನ ತಲೆಗೆ ತಾತನ ಮಣೆ, ಅದರ ಮುಂದೆ ಅಗಲವಾದ ಕಂಚಿನ ಗಂಗಳ. ಆ ಗಂಗಳವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಎತ್ತಿಡುವುದಕ್ಕೂ ಶಕ್ತಿ ಬೇಕಿತ್ತು. ಮಧ್ಯಾಹ್ನಕ್ಕೆ ಎಲ್ಲರ ಮನೆಯಂತೆ ನಮ್ಮ ಮನೆಯಲ್ಲೂ ಮುದ್ದೆ, ರಾತ್ರಿಗೆ ಮಾತ್ರ ಅನ್ನ. ರಾತ್ರಿ ಅನ್ನ ಉಣ್ಣುವ ಮನೆ ಅಂದರೆ ಊರಿನಲ್ಲಿ ಅದಕ್ಕೊಂದು ತೂಕ. ತಾತ ಅನ್ನದ ಕೊನೆಗೆ ತುಪ್ಪ ಹಾಕಿಸಿಕೊಂಡು, ಬೆಲ್ಲ ಪುಡಿ ಮಾಡಿ ಕಲಸಿ, ಕಣ್ಣು ಮುಚ್ಚಿ ತಿನ್ನುತ್ತಿದ್ದ. ಆಮೇಲೆ ಬೆಲ್ಲದ ಕಾಫಿ. ಆಮೇಲೆ ಜಗಲಿಯಲ್ಲಿ ಕೂತು ತೇಗುತ್ತಿದ್ದ. ಆ ತೇಗನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದೆನೆಂದರೆ, ಅವ್ವ ಅಡುಗೆಮನೆಯಿಂದ ಎಲೆಯಡಿಕೆ ತಟ್ಟೆ ಹಿಡಿದು ಬಂದು, ನನ್ನನ್ನು ಕಂಡು ಬೈಯುತ್ತಾ ಒಳಗೆ ಹೋಗುತ್ತಿದ್ದಳು.

ಇಂಥ ತಾತ ಒಂದು ಬೇಸಿಗೆಯಲ್ಲಿ ಸೊರಗತೊಡಗಿದ. ಚೆಂಬುಗಟ್ಟಲೆ ನೀರು ಕುಡಿಯುವುದು, ಹಿತ್ತಲಿಗೆ ಓಡುವುದು, ಬಂದು ಮತ್ತೆ ನೀರು ಕುಡಿಯುವುದು. ಮೊದಲು ಕಂಡುಹಿಡಿದವಳು ಅಜ್ಜಿ.

"ಇತ್ಲಲ್ಲಿ ನೀವು ಓಗೋ ಜಾಗ್ದಾಗೆ ಇರುವೆ ಸಾಲಿಟ್ಟವೆ. ಒಂದಪ ಡಾಕ್ಟ್ರತಾವ ತೋರುಸ್ಕಂಡ್ ಬನ್ನಿ."

"ಇರುವೆಗಾರ ನನ್ ಮ್ಯಾಲೆ ಪಿರೂತಿ ಐತಲ್ಲ, ಬುಡು."

ಕೊನೆಗೆ ಅಪ್ಪ ಬಲವಂತವಾಗಿ ಹೊಳೆನರಸೀಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನಾನೂ ಬಾಲದಂತೆ ಹೋದೆ. ಡಾಕ್ಟರು ಒಳ್ಳೆಯವರು, ಆದರೆ ಮಾತೆಲ್ಲ ಮೂಗಿನಿಂದ. ನನಗೆ ಅಲ್ಲೇ ಬಾಯಿ ತುರಿಸತೊಡಗಿತ್ತು.

"ಯಜಮಾನ್ರೇ, ಇದು ಸಕ್ಕರೆ ಕಾಯಿಲೆ. ಅನ್ನ ಬಿಡಬೇಕು. ಬೆಲ್ಲ ಬಿಡಬೇಕು. ಗೆಣಸು, ಆಲೂಗೆಡ್ಡೆ ಬಿಡಬೇಕು. ಬಾಳೆಹಣ್ಣು ಬಿಡಬೇಕು."

"ಉಸ್ರೊಂದನ್ನ ಇಟ್ಕಬೋದಾ ಸಾ?"

ಸಣ್ಣ ಮುದ್ದೆ, ಸೊಪ್ಪು, ಹುರುಳಿಕಾಳು, ಹಾಗಲಕಾಯಿ, ನೀರು ಮಜ್ಜಿಗೆ ಇವಿಷ್ಟೇ ತಾತನ ಪಾಲಿಗೆ ಉಳಿದವು. ಕಾಲಿಗೆ ಗಾಯ ಮಾಡಿಕೊಳ್ಳಬಾರದು, ಮಾಡಿಕೊಂಡರೆ ತಕ್ಷಣ ಬರಬೇಕು ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿದರು. ಆ ಸಂಜೆ ನಾನು ನಡುಮನೆಯಲ್ಲಿ ಡಾಕ್ಟರಾದೆ. ಮೂಗು ಹಿಡಿದು "ಯಜಮಾನ್ರೇ, ಮಣೆ ಬಿಡಬೇಕು, ಗಂಗಳ ಬಿಡಬೇಕು, ಹೆಂಡತಿ ಬಿಡಬೇಕು" ಅಂದಾಗ ಅಪ್ಪ ಗದರಿದ, ಅವ್ವ ಕೈ ಎತ್ತಿದಳು. ತಾತ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನನ್ನ ಅಣಕಕ್ಕೆ ಮನೆಯಲ್ಲಿ ಇದ್ದ ಒಬ್ಬನೇ ಪ್ರೇಕ್ಷಕ ಅವನು. ಉಳಿದವರಿಗೆ ನಾನು ತಲೆಹರಟೆ. ಅವನಿಗೆ ಮಾತ್ರ ನಾನೊಬ್ಬ ಕಲಾವಿದ. ಆದ್ದರಿಂದ ಅವನು ಏನು ಹೇಳಿದರೂ ನನಗೆ ಅದು ವೇದ.

ಅಜ್ಜಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಪಥ್ಯ ಮಾಡಿದವಳು ಅವಳು. ನಮ್ಮ ಮನೆಯಲ್ಲಿ ನಿಜವಾಗಿ ಸಿಹಿಬಾಯಿ ಇದ್ದದ್ದು ಅಜ್ಜಿಗೆ. ಅವಳ ಎಲೆಯಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಯಾವಾಗಲೂ ಒಂದು ಚೂರು ಬೆಲ್ಲ ಇರುತ್ತಿತ್ತು. ಕಳೆ ಕೀಳುವಾಗ, ರಾಗಿ ಕೇರುವಾಗ, ಯಾರನ್ನಾದರೂ ಬೈಯುವ ಮೊದಲು, ಬೈದಾದ ಮೇಲೆ, ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ತಾತ ಬೆಲ್ಲ ಬಿಡಬೇಕೆಂದು ಡಾಕ್ಟರು ಹೇಳಿದ ದಿನ ಅವಳು ಆ ಚೂರನ್ನು ಕರುವಿಗೆ ತಿನ್ನಿಸಿದಳು. ಅವ್ವ ಬೇಡವೆಂದಳು, ಕಾಯಿಲೆ ಮಾವನಿಗೆ, ನಿಮಗಲ್ಲವಲ್ಲ ಅತ್ತೆ ಅಂದಳು.

"ಅವ್ರು ತಿನ್ನದ್ದು ನನ್ ಗಂಟ್ಲಾಗೆ ಎಂಗಮ್ಮ ಇಳೀತದೆ? ಇಬ್ರೂ ಬುಟ್ರೆ ಅವ್ರಿಗೂ ಆಸೆ ಆಗಾಕಿಲ್ಲ."

ಅವತ್ತಿನಿಂದ ಅಜ್ಜಿಯೂ ರಾತ್ರಿಯ ಅನ್ನ ಬಿಟ್ಟಳು, ಕಾಫಿಯನ್ನು ಬರಿದೇ ಕುಡಿದಳು. ಹೋಳಿಗೆಗೆ ಹೂರಣ ರುಬ್ಬಿದಾಗ ಅದರ ಸಿಹಿ ಹದ ನೋಡಲು ಅವಳಿಗೆ ಬಾಯಿಯೇ ಇಲ್ಲವಾಗಿ, ನನ್ನನ್ನು ಕರೆಯುತ್ತಿದ್ದಳು. "ಬೆಲ್ಲ ಸಾಕೇನ್ಲಾ ಮಗ?" ನಾನು ಮುಖ ಗಂಭೀರ ಮಾಡಿ "ಗೊತ್ತಾಗ್ಲಿಲ್ಲ, ಇನ್ನೊಂದ್ ಚೂರು ಕೊಡು" ಅನ್ನುತ್ತಿದ್ದೆ. ಅವಳು ಕೊಡುತ್ತಿದ್ದಳು, ನನ್ನ ಬಾಯಿ ಆಡುವುದನ್ನೇ ನೋಡುತ್ತಿದ್ದಳು. ಯುಗಾದಿಯಲ್ಲಿ ಎಲ್ಲರೂ ಬೇವು ಬೆಲ್ಲ ತಿಂದರೆ ಅವರಿಬ್ಬರು ಬರೀ ಬೇವು ತಿಂದರು. ಕೊರವಂಗಲದಲ್ಲಿ ನೆಂಟರ ಮದುವೆಗೆ ಹೋದಾಗ, ಗಂಡಸರ ಪಂಕ್ತಿಯಲ್ಲಿ ತಾತ ಪಾಯಸದವನಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದ. ಹೆಂಗಸರ ಪಂಕ್ತಿಯಲ್ಲಿ ಅಜ್ಜಿಯೂ ಹಿಡಿದಳು. ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ತಾತ ಅವತ್ತು ಸನ್ಯಾಸಿಯ ಮುಖ ಹೊತ್ತು ಕೂತಿದ್ದ. ಅಜ್ಜಿಯ ಮುಖದಲ್ಲಿ ನಾಚಿಕೆ ಇತ್ತು, ಹೊಸ ಮದುವಣಗಿತ್ತಿಯ ಹಾಗೆ.

ಅಪ್ಪ ಇದಕ್ಕೆಲ್ಲ ವಿಜ್ಞಾನದ ಮುದ್ರೆ ಒತ್ತಬೇಕೆಂದು ಹೊರಟ. ಪೇಟೆಯ ಔಷಧಿ ಅಂಗಡಿಯಿಂದ ಒಂದು ನೀಲಿ ದ್ರಾವಣ ತಂದ. ಗಾಜಿನ ಕೊಳವೆ, ಸ್ಪಿರಿಟ್ ದೀಪ ತಂದ. ಪ್ರತಿ ಭಾನುವಾರ ಬೆಳಗ್ಗೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಅವನ ಪ್ರಯೋಗಶಾಲೆ. ಆ ನೀಲಿ ನೀರಿಗೆ ತಾತನ ಮೂತ್ರದ ನಾಲ್ಕಾರು ತೊಟ್ಟು ಹಾಕಿ ಕಾಯಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗೇ ಉಳಿಯುತ್ತದೆ. ಇದ್ದರೆ ಹಸಿರು, ಹೆಚ್ಚಿದ್ದರೆ ಹಳದಿ, ಮಿತಿಮೀರಿದ್ದರೆ ಸುಟ್ಟ ಇಟ್ಟಿಗೆಯ ಕೆಂಪು. ಮೊದಲ ಭಾನುವಾರ ಇಟ್ಟಿಗೆ ಬಂತು. ಎರಡನೆಯ ಭಾನುವಾರವೂ ಇಟ್ಟಿಗೆ. ಅಪ್ಪ ಕೊಳವೆ ಹಿಡಿದು ಪಾಠ ಮಾಡಿದ. ಅಜ್ಜಿ ಪಾಠ ಕೇಳಲಿಲ್ಲ. ತನ್ನ ಕೈಯ ಅಡುಗೆಯಲ್ಲೇ ಏನೋ ತಪ್ಪಿದೆಯೆಂದು ಕಣ್ಣೊರೆಸಿಕೊಂಡು, ಮರುದಿನದಿಂದ ಮುದ್ದೆಯನ್ನು ಇನ್ನೂ ಚಿಕ್ಕದು ಮಾಡಿದಳು. ತಾತನದನ್ನೂ, ತನ್ನದನ್ನೂ.

ಮುಂದಿನ ಭಾನುವಾರ ತಾತ ನನ್ನನ್ನು ದನದ ಕೊಟ್ಟಿಗೆಯ ಹಿಂದಕ್ಕೆ ಕರೆದ. ಕೈಯಲ್ಲಿ ಹಿತ್ತಾಳೆ ಲೋಟ ಇತ್ತು.

"ಮಗ, ನಾನೇನಾರ ಕದ್ದು ತಿಂತಾ ಇವ್ನೇನ್ಲಾ? ನೀನೇ ಯೋಳು."

"ಇಲ್ಲ ತಾತ."

"ಮತ್ತೆ? ನನ್ ಮೈ ಉಷ್ಣಕ್ಕೆ ಅದು ಕೆಂಪಗಾಯ್ತದೆ ಕಣ್ಲಾ. ನಿಮ್ಮಪ್ಪಂಗೆ ಅದು ತಿಳೀದು, ಬುಕ್ಕು ಓದ್ದೋನು. ನಿಮ್ಮಜ್ಜಿ ಸುಮ್ ಸುಮ್ನೆ ಅಳ್ತಾವ್ಳೆ. ನೋಡಾಕಾಯ್ತದಾ?"

"ಇಲ್ಲ ತಾತ."

"ಊರ್ನೋರ್ನೆಲ್ಲಾ ಅಣಕುಸ್ತೀಯಲ್ಲ, ಎಲ್ಲಿ, ಒಂದಪ ನನ್ನ ಅಣಕುಸು ನೋಡಾನ."

"ಎಂಗೆ?"

"ಈ ಲೋಟದಾಗೆ ಉಯ್ಯಿ. ಅಷ್ಟೇಯ."

ನಾನು ಹುಯ್ದೆ. ನಿಜ ಹೇಳಬೇಕೆಂದರೆ ಹೆಮ್ಮೆಯಿಂದಲೇ ಹುಯ್ದೆ. ಅರ್ಧ ಗಂಟೆಯಲ್ಲಿ ಮನೆಯಲ್ಲಿ ಹಬ್ಬ. ಆಕಾಶದಂಥ ನೀಲಿ! ಅಪ್ಪ ಬೀದಿಯಲ್ಲಿ ಹೋಗುವವರನ್ನೂ ಕೂಗಿ ತೋರಿಸಿದ. ಅಜ್ಜಿ ಕೊಳವೆಗೆ ಕೈಮುಗಿದು, "ನಾನೂ ಬಾಯಿ ಕಟ್ಟಿದ್ದು ಸಾರ್ಥಕ ಆಯ್ತು" ಅಂದಳು. ಆ ಮಾತು ನನಗೆ ಸ್ವಲ್ಪ ಚುಚ್ಚಿತು. ಆದರೆ ತಾತ ಕದ್ದು ತಿನ್ನುತ್ತಿಲ್ಲವಲ್ಲ, ಸುಳ್ಳು ಹೇಳುತ್ತಿರುವುದು ಆ ದ್ರಾವಣ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಅಲ್ಲಿಂದ ಮುಂದೆ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ನೀಲಿ ತಪ್ಪಲಿಲ್ಲ. ನೀಲಿ ಬಂದಷ್ಟೂ ಅಜ್ಜಿಯ ಪಥ್ಯ ಬಿಗಿಯಾಯಿತು. ರವಿಕೆ ತೋಳಿನಲ್ಲಿ ಅವಳ ಕೈ ಕಡ್ಡಿಯಂತೆ ಆಡತೊಡಗಿತು. ಡಾಕ್ಟರ ಹತ್ತಿರ ಮತ್ತೆ ಹೋಗುವ ಮಾತು ಬಂದಾಗ ಅಪ್ಪನೇ, "ಯಾಕೆ? ಇಲ್ಲೇ ನೋಡ್ತಾ ಇದ್ದೀನಲ್ಲ" ಅಂದ.

ಕಬ್ಬು ಕಡಿಯುವ ಕಾಲ ಬಂತು. ಹೊಳೆಯ ಕಡೆ ನಮ್ಮ ಆಲೆಮನೆಯಲ್ಲಿ ಗಾಣ ಕಟ್ಟಿದರು. ಪಾಕ ನೋಡುವುದು ಯಜಮಾನನ ಕೆಲಸ ಎಂದು ತಾತ ಬೆಳಗ್ಗೆಯೇ ಹೊರಟುಬಿಡುತ್ತಿದ್ದ. ಅಜ್ಜಿ ಪಥ್ಯದ ಬುತ್ತಿ ಕಟ್ಟಿ ಆಳಿನ ಕೈಲಿ ಕಳಿಸುತ್ತಿದ್ದಳು. ಹೀಗಿರುವಾಗ ಒಂದು ದಿನ ಕಾಲುವೆಯ ಕಲ್ಲು ಎಡವಿ ತಾತನ ಬಲಗಾಲಿನ ಹೆಬ್ಬೆರಳು ಒಡೆಯಿತು. ಅಜ್ಜಿ ಅರಿಸಿನ ಹಚ್ಚಿದಳು, ಅಪ್ಪ ಟಿಂಚರು ಹಾಕಿದ. ಗಾಯ ಒಣಗಲಿಲ್ಲ. ಕೆಂಪಗಿದ್ದದ್ದು ನೇರಳೆಯಾಯಿತು, ಅಂಚು ಕಪ್ಪಾಯಿತು, ವಾಸನೆ ಬಂತು. ಅಜ್ಜಿ ಡಾಕ್ಟರ ಮಾತು ನೆನೆಸಿ ಹೊಳೆನರಸೀಪುರಕ್ಕೆ ಹೋಗೋಣವೆಂದು ಹಟ ಹಿಡಿದಳು. ಅಪ್ಪ ನಕ್ಕ.

"ಅವ್ವಾ, ಸಕ್ಕರೆ ಇದ್ದೋರ್ಗೆ ಭಯ. ಇವ್ರಿಗೆ ಸಕ್ಕರೆನೇ ಇಲ್ವಲ್ಲ. ನೀಲಿ ನೋಡಿಲ್ವಾ ನೀನು?"

ನೀಲಿ ನನ್ನದು, ಬೆರಳು ತಾತನದು. ಆ ಭಾನುವಾರ ಕೊಟ್ಟಿಗೆಯ ಹಿಂದೆ ತಾತನಿಗೆ, "ಈ ಸಲ ನಿಂದೇ ಕೊಡು ತಾತ" ಅಂದೆ. "ನಿಮ್ಮಜ್ಜಿ ಅಳಾದು ನೋಡ್ಬೇಕೇನ್ಲಾ?" ಅಂದ. ಲೋಟ ಮುಂದಕ್ಕೆ ಹಿಡಿದ.

ಮರುದಿನ ಸ್ಕೂಲಿಗೆ ರಜೆ. ಆಳು ಬರಲಿಲ್ಲವಾಗಿ ಅಜ್ಜಿ ಬುತ್ತಿಯನ್ನು ನನ್ನ ಕೈಗೆ ಕೊಟ್ಟಳು. ಬೆಳಗಿನಿಂದ ಮಾಡಿದ ಅಡುಗೆ ಅದು: ನುಣ್ಣಗೆ ತೊಳಸಿದ ಸಣ್ಣ ಮುದ್ದೆ, ಮಸೊಪ್ಪು, ಕಹಿ ಹಿಂಡಿ ಹುರಿದ ಹಾಗಲಕಾಯಿ. ಬಿಸಿ ಆರಬಾರದೆಂದು ಹಳೆಯ ಸೀರೆಯ ತುಂಡು ಸುತ್ತಿದ್ದಳು. ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ತಾತ, ಅಪ್ಪನಿಗೆ ಹೇಳಿಬಿಡು, ಕಾಲು ತೋರಿಸು ಅನ್ನಬೇಕು. ಇಲ್ಲದಿದ್ದರೆ ನಾನೇ ಹೇಳುತ್ತೇನೆ ಅನ್ನಬೇಕು. ಆಲೆಮನೆ ಅಂದರೆ ಗೊತ್ತಲ್ಲ, ಅಲ್ಲಿಗೆ ಕಾಲಿಟ್ಟವರನ್ನು ಯಾರೆಂದು ಕೇಳುವುದಿಲ್ಲ. ಕೈಗೆ ಕಬ್ಬಿನ ಹಾಲು, ಎಲೆಗೆ ಬಿಸಿ ಬೆಲ್ಲ ಬಿದ್ದೇ ಬೀಳುತ್ತದೆ. ಬೇಡ ಅಂದವನು ಆಲೆಮನೆಗೆ ಅವಮಾನ ಮಾಡಿದ ಹಾಗೆ. ಕೊಪ್ಪರಿಗೆಯಲ್ಲಿ ಪಾಕ ಹೊಂಬಣ್ಣಕ್ಕೆ ತಿರುಗಿ ಉಕ್ಕುತ್ತಿತ್ತು. ಅದರ ಪಕ್ಕ ಒಣಗಿದ ಕಬ್ಬಿನ ಸಿಪ್ಪೆಯ ಮೇಲೆ ತಾತ ರಾಜನಂತೆ ಒರಗಿದ್ದ. ಗಾಯದ ಕಾಲನ್ನು ಉದ್ದಕ್ಕೆ ಚಾಚಿದ್ದ. ಬೆರಳಿನ ಬಟ್ಟೆಯ ಮೇಲೆ ನೊಣ. ಮುಂದೆ ಬಾಳೆಲೆ, ಎಲೆಯ ಮೇಲೆ ಎಳೆಎಳೆಯಾದ ಬಿಸಿ ಬೆಲ್ಲ, ಒಂದು ಗಿಟುಕು ಕೊಬ್ಬರಿ. ಒಂದು ಕಚ್ಚು ಕೊಬ್ಬರಿ, ಒಂದು ಬೆರಳು ಬೆಲ್ಲ. ಕಣ್ಣು ಮುಚ್ಚಿತ್ತು, ಹಿಂದೆ ನಡುಮನೆಯಲ್ಲಿ ಮುಚ್ಚುತ್ತಿದ್ದ ಹಾಗೆಯೇ.

"ಬಾರ್ಲಾ ಮಗ! ಬಿಸಿ ಐತೆ, ತಿನ್ನು ಬಾ."

ನಾಚಿಕೆಯ ಒಂದು ಗೆರೆಯೂ ಅವನ ಮುಖದಲ್ಲಿರಲಿಲ್ಲ. ಬಹುಶಃ ಅದೇ ನನ್ನನ್ನು ಕೊಂದದ್ದು. ನಾನು ಬುತ್ತಿಯನ್ನು ಕೆಳಗಿಟ್ಟೆ. ಗಂಟು ಬಿಚ್ಚುವ ಮೊದಲೇ ಗಾಣದಿಂದ ಬಿಚ್ಚಿ ಕಟ್ಟಿದ್ದ ಎತ್ತು ಕತ್ತು ಚಾಚಿ ನಾಲಿಗೆ ಹೊರಗೆ ಹಾಕಿತು. ಅದಕ್ಕೆ ಗೊತ್ತಿತ್ತು. ದಿನಾ ಈ ಹೊತ್ತಿಗೆ, ಈ ಸೀರೆಯ ತುಂಡಿನೊಳಗಿಂದ, ತನಗೆ ಏನು ಬರುತ್ತದೆಂದು ಆ ಎತ್ತಿಗೆ ಗೊತ್ತಿತ್ತು. ಒಲೆಯ ಮುಂದಿದ್ದವನಿಗೆ ಗೊತ್ತಿತ್ತು. ಕಬ್ಬು ಹೊರುವವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ನಮ್ಮ ಮನೆಯವರು ಮಾತ್ರ: ಅಪ್ಪ, ಅವ್ವ, ಅಜ್ಜಿ ಮತ್ತು ಊರಿಗೆಲ್ಲ ಚುರುಕು ಎನಿಸಿಕೊಂಡ ನಾನು. ತಾತ ಮುದ್ದೆಯನ್ನು ಎರಡು ಮಾಡಿ ಎರಡು ಎತ್ತಿಗೂ ಹಂಚಿದ. ಹಾಗಲಕಾಯಿಯನ್ನು ನಾಯಿಗೆ ಹಾಕಿದ. ನಾಯಿ ಮೂಸಿ ಹಿಂದೆ ಸರಿಯಿತು.

"ತಾತ, ಅಜ್ಜಿ ಏನೂ ತಿಂತಿಲ್ಲ."

"ನಾನು ಪಥ್ಯ ಮಾಡ್ತಿವ್ನಿ ಅನ್ಕಂಡು ಅವ್ಳು ನೆಮ್ದಿಯಾಗವ್ಳೆ ಕಣ್ಲಾ. ಆ ನೆಮ್ದಿ ಯಾಕ್ ಕೆಡುಸ್ತೀಯ? ಪಾಕ ನೋಡ್ದೆ ಬೆಲ್ಲ ಉಯ್ಯಾಕಾಯ್ತದಾ? ಹೂಂ, ಬಾಯಿ ತಗಿ."

ಬಾಯಿ ತೆಗೆದೆ. ಅದನ್ನೂ ಒಪ್ಪಿಕೊಳ್ಳುತ್ತೇನೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತಿನ ಮೇಲೆ ಒಂದು ಉಂಡೆ ಬಿಸಿ ಬೆಲ್ಲ ಕೂತು, ಅಂಗುಳಕ್ಕೆ ಅಂಟಿ, ಏನೂ ಹೊರಬರಲಿಲ್ಲ. ಚೆನ್ನಾಗಿತ್ತು ಬೆಲ್ಲ. ಹೊಳೆಯ ದಂಡೆಯ ಮೇಲೆ ಅಳುತ್ತಾ ಬಂದೆ, ತುಟಿ ನೆಕ್ಕುತ್ತಲೂ ಬಂದೆ.

ಆ ಸಂಜೆ ಅರಕಲಗೂಡಿನಿಂದ ಸೋದರತ್ತೆ ಬಂದಿದ್ದಳು. ನಡುಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು, ಅಜ್ಜಿ ಬಡಿಸುತ್ತಿದ್ದಳು. ಅತ್ತೆ ನಗಬೇಕೆಂದು ತಾತನೇ ನನ್ನನ್ನು ಎಬ್ಬಿಸಿದ.

"ಏಳ್ಲಾ, ಡಾಕ್ಟ್ರನ್ ಮಾಡಿ ತೋರುಸ್ಲಾ ನಿಮ್ಮತ್ತೆಗೆ."

ಡಾಕ್ಟರನ್ನು ಮಾಡಿದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇನ್ನೊಬ್ರನ್ ಮಾಡ್ತೀನಿ, ಯಾರು ಯೋಳಿ" ಅಂದೆ. ನೆಲದ ಮೇಲೆ ಒರಗಿ ಬಲಗಾಲು ಚಾಚಿದೆ. ಕಣ್ಣು ಮುಚ್ಚಿ ಒಂದು ಕಚ್ಚು ಕಚ್ಚಿದೆ, ಒಂದು ಬೆರಳು ನೆಕ್ಕಿದೆ. ಎಲ್ಲರೂ ನಗುತ್ತಿದ್ದರು, ತಾತನೂ. ಬುತ್ತಿಯ ಗಂಟು ಬಿಚ್ಚಿದೆ. ಮುದ್ದೆಯನ್ನು ಎರಡು ಮಾಡಿದೆ. ಎದ್ದು ಎತ್ತಾಗಿ ನಾಲಿಗೆ ಚಾಚಿ ನುಂಗಿದೆ, ಮತ್ತೆ ಕೂತು ತಾತನಾದೆ. ತಾತನ ದನಿಯಲ್ಲೇ, "ಅವ್ಳು ನೆಮ್ದಿಯಾಗವ್ಳೆ ಕಣ್ಲಾ, ಆ ನೆಮ್ದಿ ಯಾಕ್ ಕೆಡುಸ್ತೀಯ" ಅಂದೆ. ಅಷ್ಟು ಸರಿಯಾಗಿ ನಾನು ಯಾರ ದನಿಯನ್ನೂ ಹಿಡಿದಿರಲಿಲ್ಲ. ನಗು ಒಬ್ಬೊಬ್ಬರದಾಗಿ ನಿಂತಿತು. ಮೊದಲು ತಾತನದು, ಆಮೇಲೆ ಅವ್ವನದು, ಅಪ್ಪನದು, ಕೊನೆಗೆ ಏನೂ ಅರ್ಥವಾಗದ ಅತ್ತೆಯದು. ಅಜ್ಜಿ ಸೌಟು ಹಿಡಿದು ನಿಂತೇ ಇದ್ದಳು.

"ಎತ್ಗಾ?" ಅಂದಳು.

ಅದೊಂದೇ ಮಾತು. ತಾತ ಮಣೆ ತಳ್ಳಿ ಎದ್ದ. ನೋವಿಗೆ ಕಾಲು ಊರಲಾಗದೆ ಗೋಡೆ ಹಿಡಿದ.

"ಚಾಡಿಕೋರ ನನ್ಮಗ! ಇವ್ನ್ಯಾವ್ ಸಾಚಾ? ಭಾನ್ವಾರ ಭಾನ್ವಾರ ಆ ನೀಲಿ ಯಾರ್ದು ಅಂತ ಕೇಳ್ರಿ ಇವ್ನ! ಇವ್ನೇ ಉಯ್ತಾ ಇದ್ದೋನು ಲೋಟಕ್ಕೆ!"

ಲೋಟ ಹಿಡಿದವರು ಯಾರೆಂದು ಅವನು ಹೇಳಲಿಲ್ಲ. ನಾನು ಹೇಳುವ ಹೊತ್ತಿಗೆ ಅಪ್ಪ ನನ್ನನ್ನು ಹಿಡಿದಾಗಿತ್ತು. ಬೀದಿಯವರನ್ನೆಲ್ಲ ಕರೆದು ತೋರಿಸಿದ ನೀಲಿಯ ಅವಮಾನವನ್ನು ಅಪ್ಪ ನನ್ನ ಬೆನ್ನಿನ ಮೇಲೆ ತೀರಿಸಿಕೊಂಡ. ನಾನು ತಾತನ ಮುಖ ನೋಡುತ್ತಿದ್ದೆ. ಅವನು ಸೂರು ನೋಡುತ್ತಿದ್ದ. ಬೇರೆ ದಿನವಾಗಿದ್ದರೆ ಅಜ್ಜಿ ಅಡ್ಡ ಬಂದು ನನ್ನನ್ನು ಸೆರಗಿನೊಳಕ್ಕೆ ಎಳೆದುಕೊಳ್ಳುತ್ತಿದ್ದಳು. ಅವತ್ತು ಬರಲಿಲ್ಲ. ಸೌಟನ್ನು ಪಾತ್ರೆಯೊಳಗಿಟ್ಟು, ಒಳಗೆ ಹೋದಳು. ಅವಳ ಲೆಕ್ಕದಲ್ಲಿ ನಾನೂ ಆ ಕಡೆಯವನೇ ಎಂದು ಏಟಿನ ನಡುವೆಯೇ ನನಗೆ ತಿಳಿಯಿತು. ಅಪ್ಪನ ಏಟು ಮಾಸಿತು. ಅವಳು ಹಾಗೆ ಒಳಗೆ ಹೋದದ್ದು ಮಾತ್ರ ಮಾಸಲಿಲ್ಲ.

ಬೆಳಗ್ಗೆ ಅಜ್ಜಿ ಎಲ್ಲರೆದುರಿಗೆ ಬೆಲ್ಲ ಹಾಕಿದ ಕಾಫಿ ಮಾಡಿಕೊಂಡು ಕೂತಳು. ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು, ಲೋಟ ಕೆಳಗಿಟ್ಟಳು. "ಸೇರಾಕಿಲ್ಲ ಕಣಮ್ಮ" ಎಂದು ಅವ್ವನಿಗೆ ಹೇಳಿ ಉಳಿದದ್ದನ್ನು ಚೆಲ್ಲಿದಳು. ಅಷ್ಟು ದಿನ ಕಟ್ಟಿದ ಬಾಯಿಗೆ ಸಿಹಿ ಮರೆತುಹೋಗಿತ್ತು. ಅದೇ ದಿನ ಅಪ್ಪ ತಾತನನ್ನು ಬಸ್ಸಿನಲ್ಲಿ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಕೊಳವೆಯಲ್ಲಿ ಇಟ್ಟಿಗೆ ಕೆಂಪು ಬಂತು. ಇನ್ನಷ್ಟು ತಡವಾಗಿದ್ದರೆ ಕಾಲೇ ಹೋಗುತ್ತಿತ್ತು ಎಂದರಂತೆ. ಹೆಬ್ಬೆರಳೊಂದನ್ನೇ ತೆಗೆದು ಉಳಿಸಿದರು. ತಾತ ಅಲ್ಲಿದ್ದಷ್ಟು ದಿನ ನಾನು ಮನೆಯಲ್ಲಿ ಯಾರ ಅಣಕವನ್ನೂ ಮಾಡಲಿಲ್ಲ. ಆಮೇಲೆ ಮಾಡಿದರೂ, ಮನೆಯವರು ನಗುವ ಮೊದಲು ಒಂದು ಗಳಿಗೆ ನನ್ನ ಮುಖ ನೋಡುತ್ತಿದ್ದರು, ಇವನು ಇದನ್ನು ಎಲ್ಲಿಗೆ ತಂದು ನಿಲ್ಲಿಸುತ್ತಾನೋ ಎಂದು.

ತಾತ ಕೋಲೂರಿಕೊಂಡು ವಾಪಸು ಬಂದ ದಿನ ನಡುಮನೆಯಲ್ಲಿ ಮತ್ತೆ ಅದೇ ಸಾಲು, ಅದೇ ಮಣೆ. ಅವನು ನನ್ನ ಜೊತೆ ಮಾತಾಡಿರಲಿಲ್ಲ, ನಾನೂ ಆಡಿರಲಿಲ್ಲ. ಅಜ್ಜಿ ಗಂಗಳಕ್ಕೆ ಸಣ್ಣ ಮುದ್ದೆ ಇಟ್ಟು, ಸೊಪ್ಪಿನ ಸಾರು ಬಿಟ್ಟಳು; ಅವನ ಮುಖ ನೋಡಲಿಲ್ಲ. ತಾತ ಮುದ್ದೆ ಮುಟ್ಟದೆ ಗಂಟಲು ಸರಿಮಾಡಿಕೊಂಡ. ಎಡಗೈ ಚಾಚಿ, ಪಕ್ಕದಲ್ಲಿ ಕೂತಿದ್ದ ನನ್ನ ಕತ್ತು ಹಿಡಿದು ಹತ್ತಿರಕ್ಕೆಳೆದು, ಬಲಗೈಯನ್ನು ನನ್ನ ನೆತ್ತಿಯ ಮೇಲಿಟ್ಟ. ಮನೆಯ ಮಗುವಿನ ತಲೆ ಮುಟ್ಟಿ ಇಟ್ಟ ಆಣೆ ತಪ್ಪಿದರೆ ಆ ಮಗುವಿಗೇ ಕೇಡು ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದ ಕಾಲ. ನನ್ನ ತಲೆ ಎಂಥದೇ ಇರಲಿ, ನನಗೆ ಇದ್ದದ್ದು ಅದೊಂದೇ. ಆದರೂ ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಕೈ ಮತ್ತೆ ನನ್ನ ಮೇಲೆ ಬಿದ್ದದ್ದಕ್ಕೆ ಸಂತೋಷವೂ ಆಯಿತು.

"ನೋಡೇ, ಎಲ್ರೂ ಕೇಳುಸ್ಕಳ್ಳಿ. ಈ ಕೂಸಿನ ತಲೆ ಮ್ಯಾಗೆ ಕೈ ಇಕ್ಕಿ ಆಣೆ ಮಾಡ್ತಿವ್ನಿ. ಇನ್ಮ್ಯಾಕೆ ಬೆಲ್ಲ ಅನ್ನಾದ..."

ಅಜ್ಜಿ ಬಗ್ಗಿ, ಅವನ ಕೈಯನ್ನು ಹಿಡಿದು, ನನ್ನ ತಲೆಯ ಮೇಲಿಂದ ಎತ್ತಿ, ಅವನ ಕಾಲಿನ ಬಿಳಿ ಪಟ್ಟಿಯ ಪಕ್ಕಕ್ಕೆ ಇಟ್ಟಳು.

"ಕೂಸಿನ್ ತಲೆ ಬುಡಿ. ನಿಮ್ದೇ ಇನ್ನೂ ನಾಕು ಬೆರಳು ಅವೆಯಲ್ಲ, ಅವನ್ನ ಮುಟ್ಟಿ ಆಣೆ ಇಕ್ಕಿ."